ಭೂಷಣಣ್ಣ ಬಾವಿಯಲ್ಲಿ ಓಡಿದ ವರ್ಷ

ಹೋದ ಡಿಸೆಂಬರಿನಲ್ಲಿ ಬಳ್ಳಾರಿಯ ಒಂದು ಮದುವೆಗೆ ಹೊರಟಿದ್ದೆವು. ಚಳ್ಳಕೆರೆ ದಾಟಿ ಮೊಳಕಾಲ್ಮುರು ಕಡೆಯ ಹಾನಗಲ್ ಹತ್ತಿರ ಬರುವಷ್ಟರಲ್ಲಿ ಬೆಳಕು ಹರಿಯಿತು. ರಸ್ತೆಯ ಪಕ್ಕದಲ್ಲಿ ಐದಾರು ಹುಡುಗ ಹುಡುಗಿಯರು ಓಡುತ್ತಿದ್ದರು. ಬಣ್ಣಬಣ್ಣದ ಬೂಟು, ಮಣಿಕಟ್ಟಿನಲ್ಲಿ ಅಗಲವಾದ ವಾಚು. ಎಲ್ಲರಿಗಿಂತ ಹಿಂದೆ ಒಬ್ಬಳು ಬಲಗಾಲು ಎಳೆಯುತ್ತಾ ಬರುತ್ತಿದ್ದಳು. ನಾನು ಕಾರು ನಿಲ್ಲಿಸಲು ಹೇಳಿ ಗಾಜು ಇಳಿಸಿದೆ.

"ಕಣಕಾಲು ನೋವೇನಮ್ಮಾ?"

"ಹೂಂ ಅಂಕಲ್. ಮುಂದಿನ ತಿಂಗ್ಳು ಪೊಲೀಸ್ ಸೆಲೆಕ್ಷನ್ ಐತೆ, ಬಿಡಂಗಿಲ್ಲ."

"ಒಂದೇ ಬೆರಳಲ್ಲಿ ಮೂಳೆ ಉದ್ದಕ್ಕೂ ಒತ್ತಿ ನೋಡು. ಎಲ್ಲಾ ಕಡೆ ಸ್ವಲ್ಪ ಸ್ವಲ್ಪ ನೋವಾದ್ರೆ ಅಷ್ಟು ಭಯ ಇಲ್ಲ. ಒಂದೇ ಜಾಗದಲ್ಲಿ ಸೂಜಿ ಚುಚ್ಚಿದಂಗಾದ್ರೆ ಇವತ್ತೇ ನಿಲ್ಲಿಸಿ ಆಸ್ಪತ್ರೆಗೆ ತೋರ್ಸು."

"ಡಾಕ್ಟ್ರಾ ನೀವು?"

"ಅಲ್ಲ. ಟೆಲಿಫೋನ್ ಇಲಾಖೆಯೋನು."

ಹುಡುಗಿ ನನ್ನನ್ನೂ ಕಾರನ್ನೂ ಒಂದು ಸಲ ನೋಡಿ, ನಕ್ಕು, ಕುಂಟುತ್ತಲೇ ಮುಂದೆ ಹೋದಳು. ಪಕ್ಕದಲ್ಲಿದ್ದ ಹೆಂಡತಿ "ಯಾರದೋ ಕಾಲು, ನಿಮಗ್ಯಾಕೆ?" ಅಂದಳು. ಉತ್ತರ ಹೇಳುವಷ್ಟು ದಾರಿ ಉಳಿದಿರಲಿಲ್ಲ. ಆದರೆ ಮದುವೆಮನೆಯಲ್ಲಿ ಕೂತಷ್ಟು ಹೊತ್ತೂ ನಾನು ಮದುವೆಯಲ್ಲಿರಲಿಲ್ಲ.

ಆ ಒಂದು ಬೆರಳಿನ ವಿದ್ಯೆಯನ್ನು ನನಗೆ ಕಲಿಸಿದವರು ಓಬಮ್ಮ ಸಿಸ್ಟರ್. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನನಗೆ ತುಮಕೂರಿನಿಂದ ಚಳ್ಳಕೆರೆಯ ಟೆಲಿಫೋನ್ ಎಕ್ಸ್‌ಚೇಂಜಿಗೆ ವರ್ಗವಾಗಿತ್ತು. ಇಪ್ಪತ್ತೇಳು ವಯಸ್ಸು, ಮದುವೆ ಇಲ್ಲ, ಬಾಡಿಗೆಗೆ ಒಂದು ಕೋಣೆ. ಊರ ತುಂಬ ಎಣ್ಣೆ ಮಿಲ್ಲುಗಳು. ಬೆಳಿಗ್ಗೆ ಕಿಟಕಿ ತೆರೆದರೆ ಶೇಂಗಾ ಎಣ್ಣೆಯ ವಾಸನೆ ಹಾಸಿಗೆಯವರೆಗೂ ಬರುತ್ತಿತ್ತು. ಕಾಲೇಜಿನಲ್ಲಿ ನಾನು ಐದು ಸಾವಿರ ಮೀಟರು ಓಡಿ ಒಂದೆರಡು ಕಪ್ಪು ಗೆದ್ದಿದ್ದೆ. ಆ ಗರ್ವ ಇನ್ನೂ ಇಳಿದಿರಲಿಲ್ಲ.

ಇಳಿಸಿದವನು ಭೂಷಣಣ್ಣ. ಶ್ರಾವಣದಲ್ಲಿ ಮೊಳಕಾಲ್ಮುರಿನ ಕೇಬಲ್ ಕೆಟ್ಟು ನಾನು ಒಂದು ವಾರ ಅಲ್ಲೇ ಉಳಿಯಬೇಕಾಯಿತು. ಮೊದಲ ದಿನ ಬೆಳಿಗ್ಗೆ ರಾಯದುರ್ಗದ ರಸ್ತೆಯಲ್ಲಿ ಓಡುತ್ತಿದ್ದೆ. ಮೋಡ ಕಟ್ಟಿತ್ತು, ಮಳೆ ಇರಲಿಲ್ಲ, ಗುಡ್ಡದ ಬಂಡೆಗಳಿಂದ ತಣ್ಣನೆ ಗಾಳಿ ಇಳಿಯುತ್ತಿತ್ತು. ಹಿಂದಿನಿಂದ ಹೆಜ್ಜೆ ಸದ್ದು ಕೇಳಿಸಿತು. ಬಿಳಿ ಬನಿಯನ್ನು, ಖಾಕಿ ಚಡ್ಡಿ, ಹೆಬ್ಬೆರಳ ಹತ್ತಿರ ಹರಿದ ಕ್ಯಾನ್ವಾಸ್ ಬೂಟು ತೊಟ್ಟ, ಮುಂದಲೆಯ ಕೂದಲು ಹೋದ, ಬಡಕಲು ಮನುಷ್ಯ. "ಬರ್ರಿ, ಬರ್ರಿ" ಅಂತ ಮನೆಗೆ ಊಟಕ್ಕೆ ಕರೆದ ಹಾಗೆ ಕರೆಯುತ್ತಾ ನನ್ನನ್ನು ದಾಟಿ ಹೋದ. ನಾನು ಬೆನ್ನು ಹತ್ತಿದೆ. ಎರಡು ಮೈಲಿಗಲ್ಲು ದಾಟುವಷ್ಟರಲ್ಲಿ ನನಗೆ ಪಕ್ಕೆ ಹಿಡಿಯಿತು, ಆತ ತಿರುವಿನಲ್ಲಿ ಕಾಣೆಯಾದ. ವಾಪಸು ಬರುವಾಗ ಅದೇ ಕಲ್ಲಿನ ಮೇಲೆ ಕೂತಿದ್ದ ನನ್ನನ್ನು ನೋಡಿ ನಿಂತ.

"ಯಾವೂರಾತು?"

ಹೇಳಿದೆ. ಆತ ನಾಗಭೂಷಣ, ರೇಷ್ಮೆ ಸೀರೆ ನೇಯುವವನು, ಮೂವತ್ತೊಂಬತ್ತು ವಯಸ್ಸು. ಮಗ್ಗದಲ್ಲಿ ಕೂತು ಕೂತು ಸೊಂಟ ಹಿಡಿದಿತ್ತಂತೆ. ದಿನಾ ಒಂದು ತಾಸು ನಡೆಯಬೇಕು ಅಂದಿದ್ದರಂತೆ ಡಾಕ್ಟರು. "ಒಂದ್ ತಾಸು ನಡಿಯಕ್ಕೆ ಯಾರಿಗೈತೆ ಪುರುಸೊತ್ತು? ಅದೇ ದಾರೀನ ಅರ್ಧ ತಾಸಿನಾಗೆ ಮುಗಿಸಿ ಮಗ್ಗಕ್ಕೆ ಇಳಿಯಾಣ ಅಂತ ಓಡಕ್ಕೆ ಹತ್ತಿದೆ" ಅಂದ. ಆರು ವರ್ಷದಿಂದ ಓಡುತ್ತಿದ್ದ. ಗಡಿಯಾರ ಹಿಡಿದು ಓಡಿದ್ದು ಒಮ್ಮೆಯೂ ಇಲ್ಲ.

ಆ ವಾರವೆಲ್ಲ ನಾವಿಬ್ಬರೂ ಒಟ್ಟಿಗೆ ಓಡಿದೆವು. ಮೂರನೇ ದಿನಕ್ಕೆ ನಾನು "ಅಣ್ಣ" ಅನ್ನಲು ಶುರು ಮಾಡಿದ್ದೆ, ಅವನು "ಲೇ ರವಿ" ಅನ್ನಲು. ಮನೆಯಲ್ಲಿ ಅವನ ತಾಯಿ ತೆಲುಗಿನಲ್ಲಿ ಬೈಯುತ್ತಿದ್ದರು: "ಎಕ್ಕಡಿಕಿರಾ ಈ ಪರುಗು?" ಎಲ್ಲಿಗೋ ಈ ಓಟ ಅಂತ. ಅವನ ಹತ್ತಿರ ಉತ್ತರ ಇರಲಿಲ್ಲ. ಅದನ್ನು ತಂದುಕೊಟ್ಟವನು ನಾನು. ಎಕ್ಸ್‌ಚೇಂಜಿಗೆ ಬರುವ ಇಂಗ್ಲಿಷ್ ಪೇಪರಿನಲ್ಲಿ, ಜನವರಿಯ ಕೊನೆಗೆ ಮದ್ರಾಸಿನಲ್ಲಿ ಒಂದು ಮ್ಯಾರಥಾನ್ ಅಂತ ಇತ್ತು. ಹೆಸರು ಚೆನ್ನೈ ಆಗಿತ್ತಾದರೂ ನಮ್ಮ ಬಾಯಲ್ಲಿ ಅದಿನ್ನೂ ಮದ್ರಾಸೇ. ಸಮುದ್ರದ ಪಕ್ಕದ ಮಟ್ಟಸವಾದ ರಸ್ತೆ, ಏರು ಇಳಿತ ಇಲ್ಲ, ವೇಗವಾಗಿ ಓಡುವವರಿಗೆ ಹೇಳಿ ಮಾಡಿಸಿದ್ದು ಅಂತ ಬರೆದಿದ್ದರು. ನಲವತ್ತೆರಡು ಕಿಲೋಮೀಟರ್ ಚಿಲ್ಲರೆ. ನಮ್ಮಂಥ ನೌಕರಿ, ಕಸುಬಿನ ಜನ ಅದನ್ನು ಮೂರು ತಾಸಿನೊಳಗೆ ಮುಗಿಸುವುದು ದೊಡ್ಡ ಮಾತು ಅಂತ ನಾನು ಓದಿ ಹೇಳಿದೆ. ಭೂಷಣಣ್ಣ ಪೇಪರನ್ನು ಕೈಗೆ ತಗೊಂಡು, ಓದಲು ಬಾರದ ಆ ಅಕ್ಷರಗಳನ್ನು ಸ್ವಲ್ಪ ಹೊತ್ತು ನೋಡಿದ.

"ಮೂರು ತಾಸು" ಅಂದ. "ಆಗ್ಲಿ. ನೋಡೇ ಬಿಡಾಣ."

ಅಲ್ಲಿಂದ ಶುರುವಾಯಿತು. ವಾರವೆಲ್ಲ ಅವನು ಮೊಳಕಾಲ್ಮುರಿನಲ್ಲಿ, ನಾನು ಚಳ್ಳಕೆರೆಯಲ್ಲಿ ಓಡುವುದು. ರಾತ್ರಿ ಎಂಟಕ್ಕೆ ಅವನು ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿ "ಇವತ್ತು ಹದಿನಾರು" ಅಂತಷ್ಟೇ ಹೇಳಿ ಇಟ್ಟುಬಿಡುವುದು. ಶನಿವಾರ ಸಂಜೆಯ ಬಸ್ಸಿಗೆ ಚಳ್ಳಕೆರೆಗೆ ಬಂದು ನನ್ನ ಕೋಣೆಯಲ್ಲಿ ಮಲಗಿದರೆ, ಭಾನುವಾರ ನಸುಕಿಗೆ ಉದ್ದನೆಯ ಓಟ. ಹೆಚ್ಚಿನ ಸಲ ಕುದಾಪುರದ ಕಡೆ, ವರವು ಕಾವಲು ಅನ್ನುವ ಹುಲ್ಲುಗಾವಲಿನ ಅಂಚಿಗೆ ಹೋಗುತ್ತಿದ್ದೆವು. ಮಳೆಗಾಲ ಮುಗಿದು ಹುಲ್ಲು ಮೊಣಕಾಲುದ್ದ ಬೆಳೆದಿತ್ತು, ಆಮೇಲೆ ದಿನದಿಂದ ದಿನಕ್ಕೆ ಹಳದಿಗೆ ತಿರುಗಿತು. ಅಮೃತಮಹಲ್ ದನಗಳು ಕೊಂಬೆತ್ತಿ ನಮ್ಮನ್ನು ನೋಡುತ್ತಿದ್ದವು. ಒಂದೊಂದು ದಿನ ಕೃಷ್ಣಮೃಗಗಳ ಹಿಂಡು ನಮ್ಮ ಮುಂದೆಯೇ ರಸ್ತೆ ಹಾರುತ್ತಿತ್ತು. "ನೋಡ್ಲೇ, ಅವುಕ್ಕೆ ಕಾಲು ನೋವೇ ಬರಲ್ಲ" ಅನ್ನುತ್ತಿದ್ದ ಭೂಷಣಣ್ಣ.

ನಮಗೆ ಬರುತ್ತಿತ್ತು. ಬೆರಳ ನಡುವೆ ಬೊಬ್ಬೆ, ಉಗುರು ಕಪ್ಪಾಗುವುದು, ಮೀನಖಂಡ ಹಿಡಿಯುವುದು, ಬೂಟಿನ ತಳ ತೂರಿ ಬರುವ ಜಾಲಿಮುಳ್ಳು. ಒಂದು ಭಾನುವಾರ ಅವನ ಪಾದದಲ್ಲಿ ಮುರಿದ ಮುಳ್ಳು ತೆಗೆಸಲು ಸರ್ಕಾರಿ ಆಸ್ಪತ್ರೆಗೆ ಹೋದಾಗ ಅಲ್ಲಿದ್ದವರು ಓಬಮ್ಮ ಸಿಸ್ಟರ್. ಮೂವತ್ತೈದರ ಹೆಂಗಸು, ಗಟ್ಟಿ ಮೈಕಟ್ಟು, ದನಿ ಅದಕ್ಕಿಂತ ಗಟ್ಟಿ. ನಾಯಕನಹಟ್ಟಿ ಕಡೆಯವರು. ಲಸಿಕೆಯ ಡಬ್ಬಿ ಹೆಗಲಿಗೆ ಹಾಕಿಕೊಂಡು ಹಟ್ಟಿಯಿಂದ ಹಟ್ಟಿಗೆ ಹತ್ತು ಹನ್ನೆರಡು ವರ್ಷ ನಡೆದವರು. ಮುಳ್ಳು ತೆಗೆದು, ಇಬ್ಬರ ಕಾಲುಗಳನ್ನೂ ತಿರುಗಿಸಿ ತಿರುಗಿಸಿ ನೋಡಿದರು.

"ಇವು ಕಾಲಾ? ನೀವೇನ್ ಓಡ್ತೀರೋ, ಇಲ್ಲಾ ಯಾರಾದ್ರೂ ಹೊಡೀತಾರೋ?"

ಅಂದಿನಿಂದ ಪ್ರತಿ ಭಾನುವಾರ ಓಟ ಮುಗಿದ ಮೇಲೆ ಅವರ ಮುಂದೆ ಕಾಲು ಚಾಚುವುದು ನಮ್ಮ ಕಟ್ಟಳೆಯಾಯಿತು. ಅವರು ಹೇಳಿದ್ದರಲ್ಲಿ ಅರ್ಧ ನಾವು ಕೇಳುತ್ತಿರಲಿಲ್ಲ. ಒಂದು ದಿನ ಅವರಿಗೆ ಸಿಟ್ಟು ಬಂತು. "ಓಡದೋಳ ಮಾತು ಓಡೋರು ಕೇಳಲ್ಲ. ನಾಳೆಯಿಂದ ನಾನೂ ಬರ್ತೀನಿ" ಅಂದರು. ನಾವು ನಕ್ಕೆವು. ಮರುದಿನ ಐದೂವರೆಗೆ ಅವರು ನಿಜವಾಗಿಯೂ ಬಂದು ನನ್ನ ಕೋಣೆಯ ಬಾಗಿಲು ಬಡಿದರು. ಟೈಲರ್ ಕೆಲಸ ಮಾಡುವ ಅವರ ಗಂಡ ಒಂದೇ ರಾತ್ರಿಯಲ್ಲಿ ಹೊಲಿದುಕೊಟ್ಟಿದ್ದ ನೀಲಿ ಪ್ಯಾಂಟು, ಮೇಲೆ ಉದ್ದನೆಯ ಅಂಗಿ, ಸುತ್ತಿ ಕಟ್ಟಿದ ಜಡೆ. ಹಿಂದೆ ಸೈಕಲ್ಲಿನಲ್ಲಿ ನೀರಿನ ಕ್ಯಾನು ಕಟ್ಟಿಕೊಂಡು ಆ ಗಂಡ.

ಹೆಂಗಸೊಬ್ಬಳು ನಸುಕಿನಲ್ಲಿ ರಸ್ತೆ ಮೇಲೆ ಓಡುವುದನ್ನು ಆ ಊರು ಅದುವರೆಗೆ ಕಂಡಿರಲಿಲ್ಲ. ಪರಶುರಾಂಪುರದ ಮೊದಲ ಬಸ್ಸು ಅವರ ಪಕ್ಕ ಗಕ್ಕನೆ ನಿಂತಿತು. ಡ್ರೈವರು ತಲೆ ಹೊರಹಾಕಿ, "ಏನಾತಮ್ಮಾ, ಯಾರು ಅಟ್ಟಿಸ್ಕಂಡು ಬರ್ತಾವ್ರೆ?" ಅಂದ.

"ಯಾರೂ ಇಲ್ಲಣ್ಣಾ, ನಾನೇ ಹೊಂಟೀನಿ" ಅಂದರು ಸಿಸ್ಟರ್, ನಿಲ್ಲದೆ.

ಅವರು ವೇಗದ ಓಟಗಾರರಾಗಿರಲಿಲ್ಲ. ಆದರೆ ಅವರಿಗೆ ದಣಿವೇ ಇರಲಿಲ್ಲ. ಹಟ್ಟಿಗಳನ್ನು ಸುತ್ತಿದ ಆ ಕಾಲುಗಳು ಹತ್ತು ಕಿಲೋಮೀಟರಿಗೂ ಇಪ್ಪತ್ತಕ್ಕೂ ಒಂದೇ ಹೆಜ್ಜೆ ಹಾಕುತ್ತಿದ್ದವು. ದೀಪಾವಳಿಯ ಹೊತ್ತಿಗೆ ಮದ್ರಾಸಿಗೆ ಅರ್ಜಿ ಕಳಿಸುವಾಗ ಭೂಷಣಣ್ಣ ಕೇಳದೆಯೇ ಮೂರು ಅರ್ಜಿ ತುಂಬಿಸಿದ.

ಹೊಲಗಳಲ್ಲಿ ಶೇಂಗಾ ಕೀಳುವ ಕಾಲ ಅದು. ಒಂದು ಭಾನುವಾರ ಮೂವತ್ತು ಕಿಲೋಮೀಟರು ಮುಗಿಸಿ, ಹಸಿ ಮಣ್ಣಿನ ವಾಸನೆ ಹೊಡೆಯುವ ಬಣವೆಯ ಪಕ್ಕ ಕೂತಿದ್ದೆವು. ಸಿಸ್ಟರ್ ಭೂಷಣಣ್ಣನ ಕಣಕಾಲಿನ ಮೇಲೆ ಬೆರಳಿಟ್ಟು ಮೇಲಿನಿಂದ ಕೆಳಕ್ಕೆ ಒತ್ತುತ್ತಾ ಬಂದರು. ಒಂದು ಜಾಗಕ್ಕೆ ಬಂದಾಗ ಅವನು ಕಾಲನ್ನು ಥಟ್ಟನೆ ಎಳೆದುಕೊಂಡ. ಅವರು ಮತ್ತೆ ಒತ್ತಿದರು. ಮತ್ತೆ ಅಲ್ಲೇ.

"ಎಷ್ಟು ದಿನದಿಂದ?"

"ಎಂಟು ದಿನ. ಐಸ್‌ಕ್ಯಾಂಡಿ ತಂದು ಇಡ್ತಾ ಇದ್ದೆ. ಉಳಿದಿದ್ದು ಮಕ್ಳು ತಿಂತಾವೆ."

ಸಿಸ್ಟರ್ ನಗಲಿಲ್ಲ. "ಮೂಳೆ ಇನ್ನೂ ಬಿರುಕು ಬಿಟ್ಟಿಲ್ಲ ಅನ್ಕಂಡೀನಿ. ಬಿಡಕ್ಕೆ ನೋಡ್ತೈತೆ. ಮೂರು ವಾರ ಒಂದ್ ಹೆಜ್ಜೆ ಓಡಂಗಿಲ್ಲ. ಮಗ್ಗದಾಗೂ ಬಲಗಾಲು ಒತ್ತಂಗಿಲ್ಲ. ಓಡಿದ್ರೆ ಮದ್ರಾಸೂ ಇಲ್ಲ, ಮುಂದಿನ ಆರು ತಿಂಗಳು ಮಗ್ಗಾನೂ ಇಲ್ಲ."

ಅವನ ಮುಖ ನೋಡಲಾಗಲಿಲ್ಲ. ಓಟಕ್ಕೆ ಎರಡು ತಿಂಗಳು ಉಳಿದಿತ್ತು. ಬೂಟಿನ ದಾರ ಬಿಚ್ಚುತ್ತಾ, "ನೀವೇನ್ ಹೇಳ್ತೀರೋ ಹಂಗೇ ಸಿಸ್ಟರ್" ಅಂದ.

ಆಮೇಲೆ ಅವರು ನನ್ನ ಕಡೆ ತಿರುಗಿದರು. ನನ್ನ ಎಡ ಹಿಮ್ಮಡಿಯ ಮೇಲಿನ ನರ ಹದಿನೈದು ದಿನದಿಂದ ಬೆಳಿಗ್ಗೆ ಬೆಳಿಗ್ಗೆ ಹಲಗೆಯಂತೆ ಬಿಗಿಯುತ್ತಿತ್ತು. ಅವರು ಅದನ್ನು ಎರಡು ಬೆರಳಲ್ಲಿ ಹಿಡಿದು ಹಿಸುಕಿದಾಗ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ನಾನು ಜೋರಾಗಿ ನಕ್ಕು, "ಕಚಗುಳಿ ಆಗುತ್ತೆ ಸಿಸ್ಟರ್" ಅಂದೆ. ಯಾಕೆ ಹಾಗಂದೆ ಅಂತ ಈಗ ನಾಚಿಕೆಯಿಲ್ಲದೆ ಹೇಳಬಲ್ಲೆ. ಭೂಷಣಣ್ಣ ಮೂರು ವಾರ ಓಡುವುದಿಲ್ಲ. ಅಷ್ಟರಲ್ಲಿ ನಾನು ಅವನನ್ನು ಹಿಂದೆ ಹಾಕಬಹುದು. ಅಣ್ಣ ಅಣ್ಣ ಅನ್ನುತ್ತಲೇ ಒಳಗೆ ಹಾಗೆ ಲೆಕ್ಕ ಹಾಕಿದ್ದೆ.

ಎರಡನೇ ವಾರ ಅವನನ್ನು ನೋಡಲು ಮೊಳಕಾಲ್ಮುರಿಗೆ ಹೋದೆ. ಮಗ್ಗದಲ್ಲಿ ಇರಲಿಲ್ಲ. ಅವನ ತಾಯಿ, "ಬಾವಿ ತಾವ ಹೋಗ್ಯಾನೆ. ಹುಚ್ಚು ಹಿಡಿದೈತೆ" ಅಂದರು. ಊರ ಹೊರಗೆ ತೋಟವೊಂದರಲ್ಲಿ ಕಲ್ಲು ಕಟ್ಟಿದ ಹಳೆಯ ಬಾವಿ. ಚಳಿಗಾಲದ ಬೆಳಿಗ್ಗೆ, ನೀರಿನಿಂದ ಆವಿ ಏಳುತ್ತಿತ್ತು. ಬಗ್ಗಿ ನೋಡಿದರೆ ಕೆಳಗೆ ಭೂಷಣಣ್ಣ. ಕಂಕುಳಡಿ ಗಾಳಿ ತುಂಬಿದ ಟ್ಯೂಬು ಸಿಕ್ಕಿಸಿಕೊಂಡು, ಕುತ್ತಿಗೆಯವರೆಗೂ ಮುಳುಗಿ, ಓಡುತ್ತಿದ್ದ! ಕಾಲಿಗೆ ನೆಲ ಸಿಗದ ನೀರಿನಲ್ಲಿ ಮೊಣಕಾಲೆತ್ತಿ, ಕೈ ಬೀಸಿ, ಅದೇ ರಾಯದುರ್ಗದ ರಸ್ತೆಯ ಓಟ. ಒಂದು ಗಜವೂ ಮುಂದೆ ಹೋಗುತ್ತಿರಲಿಲ್ಲ. ಕಲ್ಲಿನ ಸಂದಿಯ ಪಾರಿವಾಳಗಳು ಅವನನ್ನು ಲೆಕ್ಕಕ್ಕೇ ಇಟ್ಟುಕೊಂಡಿರಲಿಲ್ಲ. ದಡದಲ್ಲಿ ಇಬ್ಬರು ಮುದುಕರು ಬೀಡಿ ಸೇದುತ್ತಾ ಕೂತು ನೋಡುತ್ತಿದ್ದರು. ದಿನಾ ಬರುತ್ತಾರಂತೆ.

ನೀರಿನಲ್ಲಿ ಮೂಳೆಯ ಮೇಲೆ ಭಾರ ಬೀಳುವುದಿಲ್ಲ, ಎದೆಗೂ ತೊಡೆಗೂ ಕೆಲಸ ತಪ್ಪುವುದಿಲ್ಲ ಅಂತ ಉಪಾಯ ಹೇಳಿದ್ದವರು ಸಿಸ್ಟರ್. ಪ್ರತಿದಿನ ಒಂದೂವರೆ ತಾಸು. ಅವನು ಮೇಲೆ ಬಂದು ಮೆಟ್ಟಿಲ ಮೇಲೆ ನಡುಗುತ್ತಾ ಕೂತಾಗ ಕೇಳಿದೆ.

"ಬೇಜಾರಾಗಲ್ವೇನಣ್ಣ?"

"ಆಗ್ತೈತೆ. ಅಳು ಬರಂಗ್ ಆಗ್ತೈತೆ."

"ಮತ್ತೆ?"

"ಒಂದ್ ಎಳೆ ಹರಿದ್ರೆ ಮಗ್ಗ ನಿಲ್ಸಿ ಗಂಟು ಹಾಕ್ಬೇಕು ಕಣ್ಲೇ. ಹೋಗ್ಲಿ ಬಿಡು ಅಂತ ನೇಯ್ಕಂಡು ಹೋದೋನು ಸೀರೇನೇ ಕೆಡಿಸ್ತಾನೆ. ಅದು ನನಗೆ ಕೈಯಾಗೆ ಗೊತ್ತೈತೆ, ಕಾಲಿಗೆ ಹೇಳಿಕೊಡ್ತಾ ಇದೀನಿ ಅಷ್ಟೇ." ಟವೆಲ್ಲಿನಿಂದ ತಲೆ ಒರೆಸಿಕೊಳ್ಳುತ್ತಾ, "ನಿನ್ ಹಿಮ್ಮಡಿ ಹೆಂಗೈತೆ?" ಅಂದ.

"ಚೆನ್ನಾಗಿದೆ" ಅಂದೆ.

ಮೂರು ವಾರ ಮುಗಿದ ದಿನ ಸಿಸ್ಟರ್ ಅವನ ಕಣಕಾಲಿನ ಉದ್ದಕ್ಕೂ ಒತ್ತಿದರು. ಅವನು ಅಲುಗಲಿಲ್ಲ. ನಂಬದೆ ಇನ್ನೊಂದು ಸಲ, ಇನ್ನೂ ಜೋರಾಗಿ ಒತ್ತಿದರು. "ಸರಿ, ಓಡ್ರಿ. ಇವತ್ತು ನಾಲ್ಕೇ ಕಿಲೋಮೀಟರು" ಅಂದರು. ಅವನು ನಾಲ್ಕೇ ಓಡಿದ. ಐದು ಓಡಲಿಲ್ಲ. ಮರುದಿನ ಆರು ಅಂದರೆ ಆರೇ. ಕಾವಲಿನಲ್ಲಿ ಇಪ್ಪತ್ತೈದರ ಓಟಕ್ಕೆ ಬಂದಾಗ ಸಂಕ್ರಾಂತಿ ಕಳೆದಿತ್ತು. ನಾನು ಆ ಹೊತ್ತಿಗೆ ಅವನಿಗಿಂತ ದುಪ್ಪಟ್ಟು ಓಡಿದ್ದೆ. ದಿನಾ ಬೆಳಿಗ್ಗೆ ಮೊದಲ ಅರ್ಧ ಮೈಲಿ ಹಲ್ಲು ಕಚ್ಚಿ, ನರ ಬಿಸಿಯಾದ ಮೇಲೆ ನೋವು ಮರೆತು.

ಮೂವರೂ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ರೈಲು ಹತ್ತಿದೆವು. ಸಿಸ್ಟರ್ ಗಂಡ ಬರಲಿಲ್ಲ, ಮಕ್ಕಳಿಗೆ ಪರೀಕ್ಷೆ. ಡಬ್ಬಿಯಲ್ಲಿ ಶೇಂಗಾ ಉಂಡೆ ಕಟ್ಟಿಕೊಟ್ಟಿದ್ದ. ಕತ್ತಲಿರುವಾಗಲೇ ಸಮುದ್ರದ ದಂಡೆಯ ರಸ್ತೆಯಲ್ಲಿ ಸಾವಿರಾರು ಜನರ ನಡುವೆ ನಿಂತಾಗ ಚಳ್ಳಕೆರೆಯ ಒಣಗಾಳಿಗೆ ಒಗ್ಗಿದ ಮೈಗೆ ಆ ಹಸಿ ಗಾಳಿ ಒದ್ದೆ ಕಂಬಳಿ ಹೊದಿಸಿದಂತಿತ್ತು. ಭೂಷಣಣ್ಣ ಮೊದಲ ಬಾರಿಗೆ ಸಮುದ್ರ ನೋಡುತ್ತಿದ್ದ. ಕತ್ತಲಲ್ಲಿ ಕಾಣುತ್ತಿರಲಿಲ್ಲ, ಸದ್ದು ಮಾತ್ರ ಕೇಳುತ್ತಿತ್ತು. "ಎಷ್ಟು ದೊಡ್ಡದೈತೋ ಬೆಳಕಾದ ಮೇಲೆ ನೋಡಾಣ" ಅಂದ.

ಹೊರಟಾಗ ನಾನು ಅವನ ಜೊತೆಯಲ್ಲೇ ಹೋದೆ. ಹೋಗಬಾರದಿತ್ತು. ಹತ್ತನೇ ಕಿಲೋಮೀಟರಿನಲ್ಲಿ ಅವನು, "ಲೇ, ಇದು ನಿನ್ ಓಟ ಅಲ್ಲ. ಹಿಂದೆ ಉಳ್ಕ" ಅಂದ. ನನಗೆ ಸಿಟ್ಟು ಬಂತು, ಆದರೂ ಉಳಿದೆ. ಉಳಿಯದೆ ದಾರಿಯಿರಲಿಲ್ಲ. ಹೋದ ರಸ್ತೆಯಲ್ಲೇ ವಾಪಸು ಬರಬೇಕಿತ್ತು. ಸೂರ್ಯ ನೀರಿನಿಂದ ಎದ್ದ ಹೊತ್ತಿಗೆ ಅವನು ಎದುರಿನಿಂದ ಬಂದ. ಮಗ್ಗದ ಮುಂದೆ ಕೂತವನ ಹಾಗೆ ಕಣ್ಣು ಒಂದೇ ಕಡೆ ನೆಟ್ಟಿತ್ತು. ಪಕ್ಕದಲ್ಲೇ ಅಷ್ಟು ದೊಡ್ಡ ಸಮುದ್ರ ಬೆಳಗುತ್ತಿದ್ದರೂ ತಿರುಗಿ ನೋಡಲಿಲ್ಲ.

ಇಪ್ಪತ್ತೇಳನೇ ಕಿಲೋಮೀಟರಿನಲ್ಲಿ ನನ್ನ ಹಿಮ್ಮಡಿಗೆ ಹಿಂದಿನಿಂದ ಯಾರೋ ಕಲ್ಲಿನಿಂದ ಹೊಡೆದಂತಾಯಿತು. ತಿರುಗಿ ನೋಡಿದೆ, ಯಾರೂ ಇರಲಿಲ್ಲ. ಕಾಲು ಊರಲಾಗಲಿಲ್ಲ. ರಸ್ತೆಯ ಅಂಚಿನಲ್ಲಿ ಕೂತೆ. ಜನ ದಾಟುತ್ತಲೇ ಇದ್ದರು. ಸುಮಾರು ಹೊತ್ತಾದ ಮೇಲೆ ನೀಲಿ ಪ್ಯಾಂಟು ಕಾಣಿಸಿತು. ಸಿಸ್ಟರ್ ನಿಂತರು, ಮಂಡಿಯೂರಿ ನನ್ನ ಹಿಮ್ಮಡಿ ಹಿಡಿದರು. ಈ ಸಲ ನಗಲಾಗಲಿಲ್ಲ. ಕೂಗಿಬಿಟ್ಟೆ.

"ಆವತ್ತೇ ಇತ್ತಲ್ವಾ ಇದು?"

ನಾನು ತಲೆ ತಗ್ಗಿಸಿದೆ. "ನನಗೋಸ್ಕರ ನಿಲ್ಬೇಡಿ ಸಿಸ್ಟರ್."

"ನಾ ನಿಲ್ಲಕ್ಕೆ ನಿಮಗೇನಾಗೈತೆ? ಪೂರಾ ಹರಿದಿಲ್ಲ. ಇನ್ನೊಂದ್ ಹೆಜ್ಜೆ ಇಟ್ರೆ ಹರೀತೈತೆ. ಇಲ್ಲೇ ಬಿದ್ದಿರ್ರಿ." ಸ್ವಯಂಸೇವಕನೊಬ್ಬನನ್ನು ಕನ್ನಡದಲ್ಲೇ ಗದರಿಸಿ ಕರೆದು, ನನ್ನನ್ನು ಅವನ ಸ್ಕೂಟರ್ ಹತ್ತಿಸಲು ಕೈಸನ್ನೆ ಮಾಡಿ ತೋರಿಸಿ, ಎದ್ದು, ಅದೇ ಹೆಜ್ಜೆಯಲ್ಲಿ ಓಡಿದರು. ಒಂದು ಸಲವೂ ಹಿಂತಿರುಗಿ ನೋಡಲಿಲ್ಲ. ಅವರ ಮೇಲೆ ನನಗೆ ಅಷ್ಟು ಗೌರವ ಹುಟ್ಟಿದ್ದು ಆ ಬೆನ್ನನ್ನು ನೋಡಿದಾಗಲೇ.

ಸ್ಕೂಟರಿನವನು ಒಳದಾರಿಯಲ್ಲಿ ನನ್ನನ್ನು ಕೊನೆಯ ಗೆರೆಯ ಹತ್ತಿರ ತಂದು ಇಳಿಸಿದ. ದೊಡ್ಡ ಗಡಿಯಾರ ಎರಡು ತಾಸು ಐವತ್ತಾರು ನಿಮಿಷ ತೋರಿಸುತ್ತಿತ್ತು. ಬಿದಿರಿನ ಕಟಕಟೆ ಹಿಡಿದು ಒಂಟಿಕಾಲಲ್ಲಿ ನಿಂತೆ. ಐವತ್ತೇಳು. ಐವತ್ತೆಂಟು. ರಸ್ತೆಯ ತುದಿಯಲ್ಲಿ ಬಿಳಿ ಬನಿಯನ್ನು ಕಂಡಿತು. ಓಡುತ್ತಿದ್ದುದು ಭೂಷಣಣ್ಣನೇ, ಆದರೆ ತಲೆ ಒಂದು ಕಡೆ ವಾಲಿತ್ತು, ಬಾಯಿ ತೆರೆದಿತ್ತು. "ಅಣ್ಣಾ, ಇನ್ನೂ ಒಂದು ನಿಮಿಷ ಐತೆ! ಬಾರಣ್ಣಾ!" ಅಂತ ನಾನು ಅವನ ಭಾಷೆಯಲ್ಲೇ ಕಿರುಚಿದೆ. ನನ್ನ ಒಳಗಿನ ಆ ಹಳೆಯ ಲೆಕ್ಕ ಎಲ್ಲಿ ಹೋಯಿತೋ. ಜೀವನದಲ್ಲಿ ಇನ್ನೊಬ್ಬರ ಗೆಲುವನ್ನು ನಾನು ಅಷ್ಟು ಆಸೆಪಟ್ಟು ಕಾದದ್ದಿಲ್ಲ. ಅವನು ಗೆರೆ ದಾಟಿದಾಗ ಮೂರು ತಾಸಿಗೆ ಹನ್ನೊಂದು ಸೆಕೆಂಡ್ ಬಾಕಿ ಇತ್ತು.

ಮರದ ನೆರಳಿಗೆ ಹೇಗೋ ಬಂದು ಬಿದ್ದ. ನೀರು ಕುಡಿಸಿದೆ. ಉಸಿರು ಹಿಡಿತಕ್ಕೆ ಬಂದಾಗ ನನ್ನ ಕಾಲು ನೋಡಿದ. ಎಲ್ಲವನ್ನೂ ಹೇಳಿಬಿಟ್ಟೆ: ನಕ್ಕಿದ್ದು, ಸುಳ್ಳು ಹೇಳಿದ್ದು, ಅವನನ್ನು ಹಿಂದೆ ಹಾಕಲು ಹಾಗೆ ಮಾಡಿದ್ದು, ದಾರಿಯಲ್ಲಿ ಸಿಸ್ಟರ್ ಹಿಮ್ಮಡಿ ಹಿಡಿದು ನೋಡಿ ಹೇಳಿದ್ದು. ಅವನು ಕಣ್ಣು ಮುಚ್ಚಿಕೊಂಡು ಕೇಳಿದ.

"ಪೂರಾ ಹರಿದಿಲ್ಲ ಅಂದ್ರಲ್ಲ ಸಿಸ್ಟರ್?"

"ಇಲ್ಲ."

"ಮತ್ತೇನು. ಊರಿಗೆ ಹೋಗು, ಬಾವಿಗಿಳಿ."

ಅಷ್ಟೇ. ಸ್ವಲ್ಪ ಹೊತ್ತು ಇಬ್ಬರೂ ಕಾಲು ಚಾಚಿ ಕೂತು ಬಿಸಿಲಿನಲ್ಲಿ ಹೊಳೆಯುವ ನೀರನ್ನು ನೋಡಿದೆವು. ಆಮೇಲೆ ಅವನು ಗಡಿಯಾರದ ಕಡೆ ತಿರುಗಿ, ನನ್ನ ಭುಜ ಹಿಡಿದು ಏಳಲು ನೋಡಿದ. ಮೀನಖಂಡ ಗಂಟು ಕಟ್ಟಿ ಮತ್ತೆ ಕುಸಿದ.

"ಏಳ್ಲೇ, ಹಿಡ್ಕ."

"ಕೂತಿರಣ್ಣ. ಇಲ್ಲಿಂದಾನೂ ಕಾಣುತ್ತೆ."

"ಸಿಸ್ಟರ್ ಬರೋ ಹೊತ್ತಾತು. ಅವರು ಬರೋದನ್ನ ಕೂತ್ಕಂಡು ನೋಡ್ತಾರೇನ್ಲೇ?"

ನನ್ನ ಒಂದು ಕಾಲು, ಅವನ ನಡುಗುವ ಎರಡು ಕಾಲು. ಹೇಗೋ ಕಟಕಟೆಯವರೆಗೆ ಹೋಗಿ ಬಿದಿರಿಗೆ ಆತುಕೊಂಡು ನಿಂತೆವು. ಗಡಿಯಾರದಲ್ಲಿ ನಾಲ್ಕು ತಾಸಿಗೆ ಇನ್ನೂ ಐದು ನಿಮಿಷವಿದ್ದಾಗ ಓಬಮ್ಮ ಸಿಸ್ಟರ್ ಬಂದರು. ಮುಂದಿನ ಹಟ್ಟಿಯಲ್ಲಿ ಮಗುವೊಂದು ಲಸಿಕೆಗೆ ಕಾದಿದೆ ಅನ್ನುವಂಥ ಮುಖ. ದಂಡೆಯ ಜನ ತಮಿಳಿನಲ್ಲಿ ಏನೇನೋ ಕೂಗಿ ಚಪ್ಪಾಳೆ ತಟ್ಟುತ್ತಿದ್ದರು. ಅವರು ಅದ್ಯಾವುದನ್ನೂ ಕೇಳಿಸಿಕೊಳ್ಳಲಿಲ್ಲ. ನಮ್ಮಿಬ್ಬರನ್ನು ನೋಡಿದ್ದೇ ತಡ ಕೈಯೆತ್ತಿ, ಇಡೀ ಮದ್ರಾಸಿಗೆ ಕೇಳುವಂತೆ ಬೈದರು.

"ಆ ಕಾಲಲ್ಲಿ ನಿಂತಿದೀರಾ ಇಬ್ರೂ? ಕೂತ್ಕಳ್ರಿ! ಮೊದ್ಲು ಕೂತ್ಕಳ್ರಿ!"

ನಾವು ಕೂರಲಿಲ್ಲ.